ಡ್ರೈವರ್‌ನಲ್ಲಿ ಕ್ಲಾಕ್ ಆಫ್ ಮಾಡುವ ಹೊಣೆ ಯಾರದು?

ಕ್ಲಾಕ್ (ಚಿಪ್‌ನ ಭಾಗಗಳನ್ನು ನಡೆಸುವ ಮಿಡಿತದ ಸಿಗ್ನಲ್) ಆಫ್ ಆಗಿರುವ ಪೆರಿಫೆರಲ್‌ನ, ಅಂದರೆ ಚಿಪ್‌ನೊಳಗಿನ ಸಾಧನದ, ರಿಜಿಸ್ಟರ್ ಓದಿದರೆ ಏನಾಗುತ್ತದೆ ಎಂಬುದು ಚಿಪ್‌ನಿಂದ ಚಿಪ್‌ಗೆ ಬದಲಾಗುತ್ತದೆ. ಕೆಲವು ಸುಮ್ಮನೆ ಸೊನ್ನೆ ಕೊಡುತ್ತವೆ. ಕೆಲವು ಆರ್ಮ್ 64 ಚಿಪ್‌ಗಳಲ್ಲಿ ಎಸ್‌ಎರರ್ ಎಂಬ ಹಾರ್ಡ್‌ವೇರ್ ದೋಷ ಬಂದು ಕರ್ನೆಲ್ ಪ್ಯಾನಿಕ್ ಆಗುತ್ತದೆ. ಇನ್ನು ಕೆಲವದರಲ್ಲಿ ಪ್ರೊಸೆಸರನ್ನು ಪೆರಿಫೆರಲ್‌ಗೆ ಜೋಡಿಸುವ ಬಸ್ಸು ಉತ್ತರಕ್ಕೆ ಕಾಯುತ್ತಲೇ ಉಳಿದು, ಒಂದು ಸಾಲು ಲಾಗ್ ಕೂಡ ಬರೆಯದೆ ಇಡೀ ಯಂತ್ರ ನಿಂತುಬಿಡುತ್ತದೆ. ಈ ಮೂರನೆಯದು ಬಂದಾಗ ಹೆಚ್ಚಿನವರು ಮೆಮೊರಿ, ಡಿಎಂಎ, ಬೋರ್ಡಿನ ವೋಲ್ಟೇಜ್ ಎಲ್ಲವನ್ನೂ ಅನುಮಾನಿಸಿ ಕೊನೆಗೆ ಕ್ಲಾಕ್ ಹತ್ತಿರ ಬರುತ್ತಾರೆ. ಮೊದಲು ಅಲ್ಲಿಗೇ ಬರಬೇಕು.

ಲಿನಕ್ಸ್ ಡ್ರೈವರ್‌ಗಳಲ್ಲಿ ಇಂಥ ದೋಷಗಳ ಬೇರು ಬಹುಪಾಲು ಒಂದೇ: ಒಂದು ಕ್ಲಾಕನ್ನು ಎರಡು ಕಡೆಯ ಕೋಡ್ ನಿಯಂತ್ರಿಸುತ್ತಿರುತ್ತದೆ. ಡ್ರೈವರ್ ಸಾಧನಕ್ಕೆ ಅಂಟಿಕೊಳ್ಳುವಾಗ ಓಡುವ ಪ್ರೋಬ್ ಒಮ್ಮೆ ಆನ್ ಮಾಡುತ್ತದೆ, ಕೆಲಸವಿಲ್ಲದಾಗ ಸಾಧನವನ್ನು ಮಲಗಿಸುವ ರನ್‌ಟೈಮ್ ಸಸ್ಪೆಂಡ್ ಆಫ್ ಮಾಡುತ್ತದೆ, ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಮತ್ತೊಮ್ಮೆ ಆಫ್ ಮಾಡುತ್ತದೆ, ಸಿಸ್ಟಂ ಸ್ಲೀಪ್‌ನ ಕಾಲ್‌ಬ್ಯಾಕ್ (ಕರ್ನೆಲ್ ತಾನಾಗಿ ಕರೆಯುವ ಡ್ರೈವರ್ ಫಂಕ್ಷನ್) ಇನ್ನೊಮ್ಮೆ. ಪ್ರತಿಯೊಂದು ಸಾಲನ್ನೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ನನ್ನ ಪಟ್ಟು ಇಷ್ಟು: ಕ್ಲಾಕನ್ನು ಮುಟ್ಟುವ ಕೋಡ್ ರನ್‌ಟೈಮ್ ಸಸ್ಪೆಂಡ್ ಮತ್ತು ರನ್‌ಟೈಮ್ ರೆಸ್ಯೂಮ್ ಎಂಬ ಎರಡು ಫಂಕ್ಷನ್‌ಗಳ ಒಳಗೆ ಮಾತ್ರ ಇರಬೇಕು. ಉಳಿದ ಕೋಡ್ ಸಾಧನ ಬೇಕು ಅಥವಾ ಬೇಡ ಎಂದಷ್ಟೇ ಹೇಳಬೇಕು.

ಮೊದಲು ಕ್ಲಾಕ್ ಪದರ. 2012ರಲ್ಲಿ 3.4 ಆವೃತ್ತಿಯೊಂದಿಗೆ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ ಬರುವವರೆಗೆ ಆರ್ಮ್ ಪ್ಲಾಟ್‌ಫಾರ್ಮ್‌ಗಳು ತಮ್ಮತಮ್ಮದೇ ಕ್ಲಾಕ್ ಕೋಡ್ ಬರೆದುಕೊಂಡಿದ್ದವು. ಈಗ ಆನ್ ಮಾಡುವ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಕ್ಲಾಕ್_ಪ್ರಿಪೇರ್ ಮ್ಯೂಟೆಕ್ಸ್ (ಕಾಯುವಾಗ ನಿದ್ರಿಸಬಲ್ಲ ಲಾಕ್) ಹಿಡಿಯುತ್ತದೆ, ನಿದ್ರಿಸಬಹುದು. ಪಿಎಲ್‌ಎಲ್ (ಬೇಕಾದ ಆವರ್ತನ ತಯಾರಿಸುವ ಸರ್ಕ್ಯೂಟ್) ಲಾಕ್ ಆಗಲು ಕಾಯುವುದು, ಐ2ಸಿ ಬಸ್ಸಿನಾಚೆಯ ಕ್ಲಾಕ್ ಚಿಪ್‌ಗೆ ಬರೆಯುವುದು ಇಲ್ಲಿ. ಕ್ಲಾಕ್_ಎನೇಬಲ್ ಸ್ಪಿನ್‌ಲಾಕ್ (ನಿದ್ರಿಸದೆ ಕಾಯುವ ಲಾಕ್) ಹಿಡಿದು ಗೇಟ್ ಬಿಟ್ ಒಂದನ್ನು ಬದಲಿಸುತ್ತದೆ. ಇಂಟರಪ್ಟ್ ಹ್ಯಾಂಡ್ಲರ್‌ನಿಂದಲೂ ಕರೆಯಬಹುದು. ಎರಡಕ್ಕೂ ಪ್ರತ್ಯೇಕ ಎಣಿಕೆ ಇದೆ, ಎರಡೂ ಪೇರೆಂಟ್ ಕ್ಲಾಕ್‌ಗಳ ಸರಪಳಿಯುದ್ದಕ್ಕೂ ಮೇಲಕ್ಕೆ ಹೋಗುತ್ತವೆ. ನಿದ್ರಿಸಬಹುದಾದ ಕಡೆಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡುವ ಕ್ಲಾಕ್_ಪ್ರಿಪೇರ್_ಎನೇಬಲ್ ಸಾಕು. ಎರಡಕ್ಕಿಂತ ಹೆಚ್ಚು ಕ್ಲಾಕ್ ಇದ್ದರೆ ಬಲ್ಕ್ ರೂಪವನ್ನೇ ಬಳಸಿ. ಮೂರನೆಯ ಕ್ಲಾಕ್ ವಿಫಲವಾದಾಗ ಮೊದಲೆರಡನ್ನು ಹಿಂದಕ್ಕೆ ತರುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ದೋಷ ಬಂದಾಗ ಹಿಂದಿನ ಹಂತಗಳನ್ನು ರದ್ದುಮಾಡಲು ಕೈಯಿಂದ ಬರೆದ ಗೋಟು ಏಣಿಗಳಲ್ಲಿ ತಪ್ಪುವುದು ಅಲ್ಲೇ.

ಐಚ್ಛಿಕ ಕ್ಲಾಕ್ ಇಲ್ಲದಿದ್ದರೆ ಕ್ಲಾಕ್_ಗೆಟ್_ಆಪ್ಷನಲ್ ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ. ನಲ್ ಅನ್ನು ಪ್ರಿಪೇರ್, ಎನೇಬಲ್, ಡಿಸೇಬಲ್ ಎಲ್ಲಕ್ಕೂ ಧೈರ್ಯವಾಗಿ ಕೊಡಬಹುದು. ಆದರೆ ನಲ್ ಕ್ಲಾಕ್‌ನ ರೇಟ್ ಕೇಳಿದರೆ ಉತ್ತರ 0, ಅದರಿಂದ ಡಿವೈಡರ್ ಲೆಕ್ಕ ಹಾಕಿದರೆ ಸೊನ್ನೆಯಿಂದ ಭಾಗಾಕಾರ. ರೇಟ್ ಬೇಕಾದ ಕ್ಲಾಕ್ ಐಚ್ಛಿಕವಾಗಿರಲು ಸಾಧ್ಯವಿಲ್ಲ ಎಂದುಕೊಂಡೇ ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರಣೆ) ಬೈಂಡಿಂಗ್ ಬರೆಯಿರಿ.

ಇನ್ನು ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ರನ್‌ಟೈಮ್ ಪಿಎಂ. 2009ರಲ್ಲಿ 2.6.32ರೊಂದಿಗೆ ಬಂದ ಈ ಪದರದ ತಿರುಳು ಪ್ರತಿ ಸಾಧನಕ್ಕೂ ಇರುವ ಬಳಕೆಯ ಎಣಿಕೆ. ಗೆಟ್ ಅಂದರೆ ಒಂದು ಏರುತ್ತದೆ, ಪುಟ್ ಅಂದರೆ ಒಂದು ಇಳಿಯುತ್ತದೆ. ಸೊನ್ನೆಯಾಗಿ, ಅದರ ಕೆಳಗಿನ (ಚೈಲ್ಡ್) ಸಾಧನಗಳೂ ಮಲಗಿದ್ದರೆ ಸಸ್ಪೆಂಡ್ ಕಾಲ್‌ಬ್ಯಾಕ್ ಓಡುತ್ತದೆ. ಇಲ್ಲಿಂದ ಮುಂದೆ ನಾನು ಹೇಳುವ ಗೆಟ್, ಪುಟ್ ಮೊದಲಾದ ಈ ಪದರದ ಫಂಕ್ಷನ್ ಹೆಸರುಗಳ ಆರಂಭದಲ್ಲಿ ಪಿಎಂ_ರನ್‌ಟೈಮ್ ಎಂದು ಸೇರಿಸಿಕೊಂಡು ಓದಿ.

ಹೊಸ ಸಾಧನದ ಆರಂಭದ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ತೀರುತ್ತದೆ. ರನ್‌ಟೈಮ್ ಪಿಎಂ ಡಿಸೇಬಲ್ ಆಗಿರುತ್ತದೆ, ಸ್ಥಿತಿ ಸಸ್ಪೆಂಡೆಡ್ ಎಂದಿರುತ್ತದೆ. ಹಾರ್ಡ್‌ವೇರ್ ನಿಜಕ್ಕೂ ಆನ್ ಇದ್ದರೂ ಕರ್ನೆಲ್‌ನ ನಂಬಿಕೆ ಅದೇ. ಆ ನಂಬಿಕೆಯನ್ನೂ ವಾಸ್ತವವನ್ನೂ ಹೊಂದಿಸಿದ ಮೇಲಷ್ಟೇ ಎನೇಬಲ್ ಮಾಡಬೇಕು. ಪ್ರೋಬ್‌ನಲ್ಲಿ ನಾನು ಶಿಫಾರಸು ಮಾಡುವ ಕ್ರಮ ಹೀಗಿದೆ.

ಕ್ಲಾಕ್, ರೆಗ್ಯುಲೇಟರ್, ರೀಸೆಟ್ ಎಲ್ಲವನ್ನೂ ಡಿವ್‌ಎಂ ರೂಪಗಳಿಂದ (ಡ್ರೈವರ್ ಹೋದಾಗ ಪಡೆದದ್ದನ್ನು ತಾವೇ ಬಿಡುಗಡೆ ಮಾಡುವ ಫಂಕ್ಷನ್‌ಗಳಿಂದ) ಪಡೆಯಿರಿ. ಕ್ಲಾಕ್ ಕೊಡುವ ಡ್ರೈವರ್ ಇನ್ನೂ ಬಂದಿಲ್ಲದಿದ್ದರೆ −517 ಬರುತ್ತದೆ, ಅಂದರೆ ಆಮೇಲೆ ಮತ್ತೆ ಪ್ರಯತ್ನಿಸು ಎಂದು. ಅದನ್ನು ನುಂಗದೆ ಹಾಗೇ ಹಿಂದಿರುಗಿಸಿ. ಡ್ರೈವರ್ ಡೇಟಾ ಪಾಯಿಂಟರನ್ನು ಈಗಲೇ ಸೆಟ್ ಮಾಡಿ. ರೆಸ್ಯೂಮ್ ಕಾಲ್‌ಬ್ಯಾಕ್ ಅದನ್ನು ಓದುತ್ತದೆ, ತಡಮಾಡಿದರೆ ನಲ್ ಪಾಯಿಂಟರ್ ಊಪ್ಸ್ (ಕರ್ನೆಲ್ ದೋಷ) ಖಚಿತ. ಆಮೇಲೆ ನಿಮ್ಮದೇ ರನ್‌ಟೈಮ್ ರೆಸ್ಯೂಮ್ ಫಂಕ್ಷನ್ನನ್ನು ನೇರವಾಗಿ ಕರೆದು ಹಾರ್ಡ್‌ವೇರ್ ಆನ್ ಮಾಡಿ. ಈಗ ಗೆಟ್_ನೋರೆಸ್ಯೂಮ್, ನಂತರ ಸೆಟ್_ಆಕ್ಟಿವ್, ನಂತರ ಆಟೋಸಸ್ಪೆಂಡ್ ಅವಧಿ (ಕೆಲಸ ಮುಗಿದ ಮೇಲೆ ಮಲಗುವ ಮುನ್ನ ಕಾಯುವ ಸಮಯ) ಮತ್ತು ಯೂಸ್_ಆಟೋಸಸ್ಪೆಂಡ್, ಕೊನೆಗೆ ಎನೇಬಲ್. ಇದಾದ ಮೇಲೆ ಐಡಿ ರಿಜಿಸ್ಟರ್ ಓದಿ, ಇಂಟರಪ್ಟ್ ಕೇಳಿ, ಸಬ್‌ಸಿಸ್ಟಂನಲ್ಲಿ ನೋಂದಾಯಿಸಿ, ಎಲ್ಲ ಮುಗಿದಾಗ ಪುಟ್_ಆಟೋಸಸ್ಪೆಂಡ್.

ಈ ಕ್ರಮದ ಹಿಂದೆ ಕಾರಣಗಳಿವೆ. ಗೆಟ್_ನೋರೆಸ್ಯೂಮ್ ಎಣಿಕೆಯನ್ನು 1ಕ್ಕೆ ಏರಿಸಿ, ಎನೇಬಲ್ ಆದ ಕ್ಷಣದಿಂದ ಪ್ರೋಬ್ ಮುಗಿಯುವ ತನಕ ಸಾಧನ ಮಲಗದಂತೆ ತಡೆಯುತ್ತದೆ. ಸೆಟ್_ಆಕ್ಟಿವ್ ಅನ್ನು ಎನೇಬಲ್ ಆದ ಮೇಲೆ ಕರೆದರೆ −11 ಎಂಬ ದೋಷಸಂಖ್ಯೆ ಬಂದು ಏನೂ ಬದಲಾಗುವುದಿಲ್ಲ. ಅದರ ಫಲಿತಾಂಶವನ್ನು ಪರಿಶೀಲಿಸದ ಡ್ರೈವರ್‌ಗಳೇ ಹೆಚ್ಚು, ಹಾಗಾಗಿ ತಪ್ಪು ತಿಳಿಯುವುದೇ ಇಲ್ಲ. ಕರ್ನೆಲ್ ಸಾಧನ ಮಲಗಿದೆ ಎಂದೇ ನಂಬಿರುತ್ತದೆ, ಮೊದಲ ಗೆಟ್‌ನಲ್ಲಿ ರೆಸ್ಯೂಮ್ ಕಾಲ್‌ಬ್ಯಾಕ್ ಓಡಿ ಕ್ಲಾಕ್‌ನ ಎಣಿಕೆ 2 ಆಗುತ್ತದೆ, ಸಸ್ಪೆಂಡ್ ಆದಾಗ 1ಕ್ಕೆ ಇಳಿಯುತ್ತದೆ, ಕ್ಲಾಕ್ ಎಂದೂ ಆಫ್ ಆಗುವುದಿಲ್ಲ. ಸಾಧನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತದೆ. ಪರೀಕ್ಷೆಗಳೆಲ್ಲ ಪಾಸಾಗುವುದರಿಂದ ಇದು ವರ್ಷಗಟ್ಟಲೆ ಹಾಗೇ ಉಳಿಯಬಲ್ಲದು.

ರೆಸ್ಯೂಮ್ ಫಂಕ್ಷನ್ನನ್ನು ನೇರವಾಗಿ ಕರೆಯುವುದು ಏಕೆ, ಎನೇಬಲ್ ಮಾಡಿ ಗೆಟ್ ಕರೆದರೆ ಸಾಲದೇ? ಪವರ್ ಮ್ಯಾನೇಜ್‌ಮೆಂಟ್ ಇಲ್ಲದೆ ಬಿಲ್ಡ್ ಮಾಡಿದ ಕರ್ನೆಲ್‌ನಲ್ಲಿ ಸಾಲದು. ಅಲ್ಲಿ ಗೆಟ್_ಸಿಂಕ್ ಎಂಬುದು ಯಾವ ಕಾಲ್‌ಬ್ಯಾಕ್ ಅನ್ನೂ ಕರೆಯದೆ 1 ಕೊಟ್ಟು ಮರಳುವ ಖಾಲಿ ಫಂಕ್ಷನ್. ಡ್ರೈವರ್ ಎಲ್ಲ ಸರಿಯಿದೆಯೆಂದು ನಂಬಿ ಕ್ಲಾಕ್ ಇಲ್ಲದ ರಿಜಿಸ್ಟರ್ ಮುಟ್ಟುತ್ತದೆ. ನೇರವಾಗಿ ಕರೆದರೆ ಅಂಥ ಕರ್ನೆಲ್‌ನಲ್ಲಿ ಸಾಧನ ಸದಾ ಆನ್ ಇರುತ್ತದೆ. ಅಲ್ಲಿ ಬೇಕಾದ್ದೂ ಅದೇ. ಆ ಸಂರಚನೆ ಬೇಡವೆಂದಿದ್ದರೆ ಕೆಕಾನ್ಫಿಗ್‌ನಲ್ಲಿ (ಕರ್ನೆಲ್ ಬಿಲ್ಡ್‌ನ ಆಯ್ಕೆಗಳ ಫೈಲಿನಲ್ಲಿ) ಅವಲಂಬನೆಯನ್ನು ಸ್ಪಷ್ಟವಾಗಿ ಬರೆದುಬಿಡಿ.

ಬಸ್ಸಿನ ಪ್ರಕಾರ ಆರಂಭಸ್ಥಿತಿ ಬೇರೆಯಿರುತ್ತದೆ ಎಂಬುದನ್ನೂ ಮರೆಯಬೇಡಿ. ಪಿಸಿಐನಲ್ಲಿ ಪ್ರೋಬ್‌ಗೆ ಮುಂಚೆಯೇ ಪಿಸಿಐ ಕೋರ್ ಎಣಿಕೆಯನ್ನು ಏರಿಸಿರುತ್ತದೆ, ಎನೇಬಲ್ ಕೂಡ ಅದರದೇ ಕೆಲಸ. ಅಲ್ಲಿ ಡ್ರೈವರ್ ಪುಟ್_ನೋಐಡಲ್ ಕರೆದು ಆ ಎಣಿಕೆಯನ್ನು ಬಿಟ್ಟುಕೊಡಬೇಕು, ರಿಮೂವ್‌ನಲ್ಲಿ ಮರಳಿ ಪಡೆಯಬೇಕು.

ಗೆಟ್_ಸಿಂಕ್‌ನ ಒಂದು ಗುಣ ಅಪಾರ ಪ್ಯಾಚ್‌ಗಳಿಗೆ ಕಾರಣವಾಗಿದೆ: ಅದು ವಿಫಲವಾದರೂ ಎಣಿಕೆ ಏರಿಯೇ ಇರುತ್ತದೆ. ದೋಷ ಬಂತೆಂದು ಹಾಗೇ ಮರಳಿದರೆ ಎಣಿಕೆ ಸೋರಿ ಸಾಧನ ಮತ್ತೆಂದೂ ಮಲಗುವುದಿಲ್ಲ. ವಿಫಲವಾದಾಗ ಪುಟ್_ನೋಐಡಲ್ ಕರೆಯಲೇಬೇಕು. ಯಶಸ್ಸಿನಲ್ಲೂ 0 ಅಥವಾ 1 ಬರಬಹುದು. ಸೊನ್ನೆಯಲ್ಲದ್ದೆಲ್ಲ ದೋಷ ಎಂದು ಪರಿಶೀಲಿಸಿದರೆ ಈಗಾಗಲೇ ಎದ್ದಿರುವ ಸಾಧನವೇ ದೋಷದ್ದು ಎಂದಾಗುತ್ತದೆ. 5.10ರಿಂದ ಇರುವ ರೆಸ್ಯೂಮ್_ಅಂಡ್_ಗೆಟ್ ಈ ಎರಡನ್ನೂ ಸರಿಪಡಿಸುತ್ತದೆ: ವಿಫಲವಾದರೆ ತಾನೇ ಎಣಿಕೆ ಇಳಿಸುತ್ತದೆ, ಯಶಸ್ಸಿಗೆ 0 ಮಾತ್ರ ಕೊಡುತ್ತದೆ. ಹೊಸ ಕೋಡ್‌ನಲ್ಲಿ ಇದನ್ನೇ ಬಳಸಿ. ಹಳೆಯ ಕೋಡ್ ಬದಲಿಸುವಾಗ ಮಾತ್ರ ದೋಷದ ದಾರಿಯಲ್ಲಿರುವ ಪುಟ್_ನೋಐಡಲ್ ಅನ್ನೂ ತೆಗೆಯಿರಿ, ಇಲ್ಲವಾದರೆ ಎಣಿಕೆ ಎರಡು ಬಾರಿ ಇಳಿಯುತ್ತದೆ.

ಸಸ್ಪೆಂಡ್ ಕಾಲ್‌ಬ್ಯಾಕ್ ಬರೆಯುವಾಗ ಸಾಲುಗಳ ಕ್ರಮವೇ ಎಲ್ಲ. ಮೊದಲು ಸಾಧನದೊಳಗಿನ ಇಂಟರಪ್ಟ್ ಮಾಸ್ಕ್ ಮಾಡಿ. ಬರೆದ ಕೂಡಲೇ ಕ್ಲಾಕ್ ಆಫ್ ಮಾಡಬೇಡಿ: ಬರಹ ಬಸ್ಸಿನ ಬಫರಿನಲ್ಲಿ ಇನ್ನೂ ದಾರಿಯಲ್ಲೇ ಇರಬಹುದು. ಅದೇ ಸಾಧನದ ಒಂದು ರಿಜಿಸ್ಟರನ್ನು ಓದಿದರೆ ಹಿಂದಿನ ಬರಹ ತಲುಪಿದೆ ಎಂದು ಖಾತ್ರಿಯಾಗುತ್ತದೆ. ಪವರ್ ಡೊಮೇನ್ (ಒಟ್ಟಿಗೆ ವಿದ್ಯುತ್ ಪಡೆಯುವ ಸಾಧನಗಳ ಗುಂಪು) ಕೂಡ ಆಫ್ ಆಗುವ ಚಿಪ್ ಆದರೆ ರಿಜಿಸ್ಟರ್‌ಗಳ ಬೆಲೆಗಳು ಉಳಿಯುವುದಿಲ್ಲ, ಉಳಿಸಿಕೊಳ್ಳುವ ಕೆಲಸ ನಿಮ್ಮದು. ರೆಗ್‌ಮ್ಯಾಪ್ (ರಿಜಿಸ್ಟರ್ ಬೆಲೆಗಳ ಪ್ರತಿಯನ್ನು ಕ್ಯಾಶ್‌ನಲ್ಲಿ ಇಡಬಲ್ಲ ಕರ್ನೆಲ್ ಪದರ) ಬಳಸುತ್ತಿದ್ದರೆ ಅದರ ಕ್ಯಾಶ್_ಓನ್ಲಿ ಆನ್ ಮಾಡಿ, ಮಾರ್ಕ್_ಡರ್ಟಿ ಕರೆದು ಮಲಗಿಸಿ. ಏಳುವಾಗ ಕ್ಯಾಶ್_ಓನ್ಲಿ ಆಫ್ ಮಾಡಿ ಸಿಂಕ್ ಮಾಡಿ. ಮಾರ್ಕ್_ಡರ್ಟಿ ಮರೆತರೆ ಹಾರ್ಡ್‌ವೇರ್‌ನಲ್ಲಿ ಹಳೆಯ ಬೆಲೆಗಳು ಹಾಗೇ ಇವೆ ಎಂದು ಕ್ಯಾಶ್ ಭಾವಿಸಿ ಏನನ್ನೂ ಬರೆಯುವುದಿಲ್ಲ.

ಕ್ಲಾಕ್ ಗೇಟ್ ಮಾಡಿದರೆ ಸ್ವಿಚಿಂಗ್‌ನಿಂದಾಗುವ ವ್ಯಯ ನಿಲ್ಲುತ್ತದೆ, ಲೀಕೇಜ್ ಮುಂದುವರಿಯುತ್ತದೆ. ಡೊಮೇನ್ ಆಫ್ ಮಾಡಿದರೆ ಲೀಕೇಜೂ ನಿಲ್ಲುತ್ತದೆ, ಬದಲಿಗೆ ಈ ಉಳಿಸು-ಮರಳಿಸುವ ಕೆಲಸ ಬರುತ್ತದೆ. ಡೊಮೇನ್ ಯಾವಾಗ ಆಫ್ ಆಗುತ್ತದೆ ಎಂಬುದು ಅದೇ ಡೊಮೇನ್‌ನಲ್ಲಿರುವ ಇತರ ಸಾಧನಗಳನ್ನೂ ಅವಲಂಬಿಸಿದೆ. ಆದ್ದರಿಂದ ಪಕ್ಕದ ಸಾಧನ ಎದ್ದಿದ್ದಾಗ ನಿಮ್ಮ ಡ್ರೈವರ್ ಸರಿಯಾಗಿ ಏಳುತ್ತದೆ, ಅದು ಮಲಗಿದ್ದಾಗ ಏಳುವುದಿಲ್ಲ. ಮರುಕಳಿಸದ ದೋಷ ಎಂದು ಮುಚ್ಚಿಹೋಗುವ ವರದಿಗಳಲ್ಲಿ ಇಂಥವು ಕಡಿಮೆಯೇನಲ್ಲ. ರೆಸ್ಯೂಮ್‌ನಲ್ಲಿ ಪ್ರತಿ ಸಲವೂ ಎಲ್ಲ ಸಂರಚನೆಯನ್ನೂ ಮರಳಿ ಬರೆಯುವುದೇ ಸುರಕ್ಷಿತ. ಹತ್ತಿಪ್ಪತ್ತು ರಿಜಿಸ್ಟರ್ ಬರೆಯುವ ಸಮಯ ಪಿಎಲ್‌ಎಲ್ ಲಾಕ್‌ನ ಮುಂದೆ ಲೆಕ್ಕಕ್ಕಿಲ್ಲ.

ಸಸ್ಪೆಂಡ್ ಕಾಲ್‌ಬ್ಯಾಕ್‌ನಿಂದ −16 ಅಥವಾ −11 ಮರಳಿಸಿದರೆ ಈಗ ಪುರುಸೊತ್ತಿಲ್ಲ, ಆಮೇಲೆ ನೋಡೋಣ ಎಂದರ್ಥ. ಬೇರೆ ಯಾವ ದೋಷ ಮರಳಿಸಿದರೂ ಕರ್ನೆಲ್ ಅದನ್ನು ಗಂಭೀರ ವೈಫಲ್ಯವೆಂದು ಗುರುತಿಟ್ಟುಕೊಂಡು, ಮುಂದಿನ ಗೆಟ್‌ಗಳಿಗೆ −22 ಎಂಬ ದೋಷ ಕೊಡತೊಡಗುತ್ತದೆ. ಎರಡೂ ಸಂದರ್ಭದಲ್ಲಿ ಸಾಧನ ಎದ್ದೇ ಇದೆ ಎಂದು ಕರ್ನೆಲ್ ಭಾವಿಸುತ್ತದೆ. ಎರಡು ಕ್ಲಾಕ್ ಆಫ್ ಮಾಡಿ ಮೂರನೆಯ ಹಂತದಲ್ಲಿ ಸೋತರೆ ಆ ಎರಡನ್ನೂ ಮತ್ತೆ ಆನ್ ಮಾಡಿಯೇ ಮರಳಬೇಕು.

ಇಂಟರಪ್ಟ್ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು. ಇಂಟರಪ್ಟ್ ಲೈನ್ ಹಂಚಿಕೊಂಡದ್ದಾದರೆ ನಿಮ್ಮ ಸಾಧನ ಮಲಗಿದ್ದಾಗಲೂ ನಿಮ್ಮ ಹ್ಯಾಂಡ್ಲರ್ ಓಡುತ್ತದೆ, ಸ್ಟೇಟಸ್ ರಿಜಿಸ್ಟರ್ ಓದುತ್ತದೆ, ಯಂತ್ರ ನಿಲ್ಲುತ್ತದೆ. ಹ್ಯಾಂಡ್ಲರ್‌ನ ಮೊದಲಲ್ಲೇ ಗೆಟ್_ಇಫ್_ಆಕ್ಟಿವ್ ಕರೆಯಿರಿ. 0 ಬಂದರೆ ಸಾಧನ ಎದ್ದಿಲ್ಲ, ಇಂಟರಪ್ಟ್ ನಮ್ಮದಲ್ಲ ಎಂದು ಮರಳಿ. ಧನ ಸಂಖ್ಯೆ ಬಂದರೆ ಕೆಲಸ ಮುಗಿಸಿ ಪುಟ್ ಮಾಡಿ. ಋಣ ಸಂಖ್ಯೆ ಬಂದರೆ ರನ್‌ಟೈಮ್ ಪಿಎಂ ಡಿಸೇಬಲ್ ಆಗಿದೆ ಅಥವಾ ಕರ್ನೆಲ್‌ನಲ್ಲೇ ಇಲ್ಲ. ಆಗ ಎಣಿಕೆ ಏರಿರುವುದಿಲ್ಲ, ಪುಟ್ ಮಾಡಕೂಡದು. ಇದರ ಸೋದರ ಗೆಟ್_ಇಫ್_ಇನ್_ಯೂಸ್ ಎಣಿಕೆ ಸೊನ್ನೆಯಿದ್ದರೆ 0 ಕೊಡುತ್ತದೆ. ಆಟೋಸಸ್ಪೆಂಡ್ ಅವಧಿ ಓಡುತ್ತಿರುವಾಗ ಸಾಧನ ಎದ್ದಿದ್ದರೂ ಎಣಿಕೆ ಸೊನ್ನೆಯೇ, ಆ ಹೊತ್ತಿನಲ್ಲಿ ಬಂದ ನಿಜವಾದ ಇಂಟರಪ್ಟ್ ಕಳೆದುಹೋಗುತ್ತದೆ.

ಮಲಗುವ ಮುನ್ನ ಓಡುತ್ತಿರುವ ಹ್ಯಾಂಡ್ಲರ್ ಮುಗಿಯಲೆಂದು ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಸಿಂಕ್ರೊನೈಸ್_ಐಆರ್‌ಕ್ಯೂ ಕರೆಯುವುದು ಸರಿಯಾದ ಅಭ್ಯಾಸವೇ. ಆದರೆ ನಿಮ್ಮದು ಥ್ರೆಡ್ ಹ್ಯಾಂಡ್ಲರ್ ಆಗಿದ್ದು, ಅದರೊಳಗೆ ರೆಸ್ಯೂಮ್_ಅಂಡ್_ಗೆಟ್ ಇದ್ದರೆ ಡೆಡ್‌ಲಾಕ್. ಹ್ಯಾಂಡ್ಲರ್ ಸಸ್ಪೆಂಡ್ ಮುಗಿಯಲೆಂದು ಕಾಯುತ್ತದೆ, ಸಸ್ಪೆಂಡ್ ಹ್ಯಾಂಡ್ಲರ್ ಮುಗಿಯಲೆಂದು ಕಾಯುತ್ತದೆ. ಮ್ಯೂಟೆಕ್ಸ್‌ನದೂ ಇದೇ ಕತೆ: ಲಾಕ್ ಹಿಡಿದು ಗೆಟ್ ಕರೆದು, ಕಾಲ್‌ಬ್ಯಾಕ್ ಒಳಗೂ ಅದೇ ಲಾಕ್ ಹಿಡಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕಾಲ್‌ಬ್ಯಾಕ್ ಒಳಗೆ ಡ್ರೈವರ್‌ನ ಲಾಕ್‌ಗಳನ್ನು ಹಿಡಿಯದೇ ಇರುವುದು ಒಳ್ಳೆಯ ವಿನ್ಯಾಸ. ಎಣಿಕೆ ಸೊನ್ನೆಯಾದಾಗ ಮಾತ್ರ ಸಸ್ಪೆಂಡ್ ಓಡುವುದರಿಂದ, ಗೆಟ್‌ಗಳು ಸರಿಯಾದ ಜಾಗದಲ್ಲಿದ್ದರೆ ಸಾಮಾನ್ಯವಾಗಿ ಆ ಲಾಕ್ ಬೇಕಾಗುವುದೂ ಇಲ್ಲ.

ಸ್ಪಿನ್‌ಲಾಕ್ ಒಳಗಿಂದಲೇ ಸಾಧನ ಎಬ್ಬಿಸಬೇಕೆಂದು ಕೆಲವರು ಐಆರ್‌ಕ್ಯೂ_ಸೇಫ್ ಕರೆಯುತ್ತಾರೆ. ನಾನು ಇದನ್ನು ಬೇಡ ಎನ್ನುತ್ತೇನೆ. ಕಾಲ್‌ಬ್ಯಾಕ್‌ಗಳು ಇಂಟರಪ್ಟ್ ನಿಲ್ಲಿಸಿದ ಸ್ಥಿತಿಯಲ್ಲಿ ಓಡುವುದರಿಂದ ಅಲ್ಲಿ ಪ್ರಿಪೇರ್ ಮಾಡುವಂತಿಲ್ಲ, ಕ್ಲಾಕ್ ಸದಾ ಪ್ರಿಪೇರ್ ಆಗಿಯೇ ಇರಬೇಕು, ಅಂದರೆ ಪಿಎಲ್‌ಎಲ್ ಆಫ್ ಆಗದಿರಬಹುದು. ಅದಕ್ಕಿಂತ ದೊಡ್ಡ ಬೆಲೆ ಇನ್ನೊಂದಿದೆ: ಕರ್ನೆಲ್ ನಿಮ್ಮ ಪೇರೆಂಟ್ ಸಾಧನದ ಎಣಿಕೆಯನ್ನು ಹಿಡಿದಿಟ್ಟು ಅದನ್ನು ಎಂದೂ ಮಲಗಗೊಡುವುದಿಲ್ಲ. ಒಂದು ಸಣ್ಣ ಸಾಧನದ ಅನುಕೂಲಕ್ಕೆ ಇಡೀ ಶಾಖೆ ಎಚ್ಚರವಿರುತ್ತದೆ.

ಆಟೋಸಸ್ಪೆಂಡ್ ಅವಧಿಯನ್ನು ಬೇರೆ ಡ್ರೈವರ್‌ನಿಂದ ನಕಲು ಮಾಡುವ ಬದಲು ಲೆಕ್ಕ ಹಾಕಿ. ಉದಾಹರಣೆಗೆ, ಕೆಲಸವಿಲ್ಲದೆ ಎದ್ದಿರುವಾಗ ಸಾಧನ 12 ಮಿಲಿವಾಟ್ ತಿನ್ನುತ್ತದೆ, ಮಲಗಿದಾಗ 0.5 ಮಿಲಿವಾಟ್, ಒಮ್ಮೆ ಮಲಗಿ ಏಳಲು 230 ಮೈಕ್ರೋಜೂಲ್ ಖರ್ಚು ಎಂದುಕೊಳ್ಳಿ. ಉಳಿತಾಯ 11.5 ಮಿಲಿವಾಟ್. 230 ಅನ್ನು 11.5ರಿಂದ ಭಾಗಿಸಿದರೆ 20 ಮಿಲಿಸೆಕೆಂಡ್. ಅದಕ್ಕಿಂತ ಕಡಿಮೆ ಮಲಗಿದರೆ ನಷ್ಟ. ಬಿಡುವು ಎಷ್ಟು ಉದ್ದವಿರುತ್ತದೆ ಎಂದು ಮೊದಲೇ ತಿಳಿಯದಿದ್ದಾಗ ಅವಧಿಯನ್ನೂ ಸುಮಾರು ಅಷ್ಟೇ ಇಡುವುದು ಒಳ್ಳೆಯ ಆರಂಭ. ಕಾದದ್ದಕ್ಕೂ ಮಲಗಿ ಎದ್ದದ್ದಕ್ಕೂ ಸೇರಿ ಆಗುವ ವ್ಯರ್ಥ ಆದರ್ಶ ಆಯ್ಕೆಯ ಎರಡು ಪಟ್ಟನ್ನು ಮೀರುವುದಿಲ್ಲ. ಏಳುವ ವಿಳಂಬವನ್ನು ಬಳಕೆದಾರ ಗಮನಿಸುವ ಸಾಧನವಾದರೆ ಹೆಚ್ಚಿಸಿ. ಪುಟ್_ಆಟೋಸಸ್ಪೆಂಡ್‌ಗೆ ಮುಂಚೆ ಮಾರ್ಕ್_ಲಾಸ್ಟ್_ಬಿಸಿ ಕರೆಯಲು ಹಳೆಯ ಕರ್ನೆಲ್‌ಗಳಲ್ಲಿ ಮರೆಯಬೇಡಿ. ಮರೆತರೆ ಅವಧಿಯನ್ನು ಹಿಂದಿನ ಯಾವುದೋ ಕ್ಷಣದಿಂದ ಎಣಿಸಿ ಸಾಧನ ತಕ್ಷಣ ಮಲಗಿಬಿಡುತ್ತದೆ.

ಕ್ಲಾಕ್‌ನ ರೇಟ್ ಕುರಿತು ಇಷ್ಟು ಸಾಕು. ಕ್ಲಾಕ್_ಸೆಟ್_ರೇಟ್ ಕೇಳಿದ್ದನ್ನೇ ಕೊಡುತ್ತದೆ ಎಂದೇನಿಲ್ಲ, ಆಮೇಲೆ ಕ್ಲಾಕ್_ಗೆಟ್_ರೇಟ್ ಕರೆದು ಸಿಕ್ಕಿದ್ದೆಷ್ಟು ನೋಡಿ. ಪೇರೆಂಟ್ ಕ್ಲಾಕ್ ಹಂಚಿಕೊಂಡದ್ದಾದರೆ ಇನ್ನೊಂದು ಡ್ರೈವರ್ ಅದನ್ನು ಬದಲಿಸಬಹುದು. ಸೀರಿಯಲ್ ಪೋರ್ಟ್‌ನ ಉದಾಹರಣೆ ನೋಡಿ: 24 ಮೆಗಾಹರ್ಟ್ಸ್‌ನಿಂದ 115200 ಬಾಡ್ ವೇಗಕ್ಕೆ 16 ಪಟ್ಟು ಓವರ್‌ಸ್ಯಾಂಪ್ಲಿಂಗ್‌ನಲ್ಲಿ ಡಿವೈಡರ್ 13, ವ್ಯತ್ಯಾಸ ಶೇಕಡಾ 0.16. ಅದೇ ಪೇರೆಂಟ್ 25 ಮೆಗಾಹರ್ಟ್ಸ್ ಆದರೆ ಬಾಡ್ 120192ಕ್ಕೆ ಏರುತ್ತದೆ, ವ್ಯತ್ಯಾಸ ಶೇಕಡಾ 4.3, ಅಕ್ಷರಗಳು ಕೆಡತೊಡಗುತ್ತವೆ. ರೇಟ್ ಬದಲಾವಣೆಯ ನೋಟಿಫೈಯರ್ ಹಾಕಿ ಡಿವೈಡರ್ ಮತ್ತೆ ಲೆಕ್ಕ ಹಾಕಿ, ಅಥವಾ ಕ್ಲಾಕ್_ರೇಟ್_ಎಕ್ಸ್‌ಕ್ಲೂಸಿವ್_ಗೆಟ್‌ನಿಂದ ರೇಟನ್ನು ಹಿಡಿದಿಡಿ.

ಸಿಸ್ಟಂ ಸ್ಲೀಪ್‌ಗೆ ಬೇರೆ ಕೋಡ್ ಬರೆಯದಿರುವುದೇ ಉತ್ತಮ. ಫೋರ್ಸ್_ಸಸ್ಪೆಂಡ್ ಮತ್ತು ಫೋರ್ಸ್_ರೆಸ್ಯೂಮ್ ಅನ್ನು ಸ್ಲೀಪ್ ಕಾಲ್‌ಬ್ಯಾಕ್‌ಗಳಾಗಿ ಕೊಟ್ಟರೆ, ಸಾಧನ ಎದ್ದಿದ್ದರೆ ಮಾತ್ರ ಅವು ನಿಮ್ಮ ರನ್‌ಟೈಮ್ ಸಸ್ಪೆಂಡ್ ಫಂಕ್ಷನ್ನನ್ನು ಕರೆಯುತ್ತವೆ. ಕೈಯಿಂದ ಬರೆದ ಸ್ಲೀಪ್ ಕಾಲ್‌ಬ್ಯಾಕ್‌ಗಳು ಈ ಪರಿಶೀಲನೆಯನ್ನು ಮರೆತು ಮಲಗಿದ ಸಾಧನದ ಕ್ಲಾಕನ್ನು ಮತ್ತೆ ಆಫ್ ಮಾಡುತ್ತವೆ. ಇನ್ನೊಂದು ವಿಷಯ: ಸಿಸ್ಟಂ ಸಸ್ಪೆಂಡ್‌ನ ಲೇಟ್ ಹಂತದಲ್ಲಿ ಕರ್ನೆಲ್ ರನ್‌ಟೈಮ್ ಪಿಎಂ ಅನ್ನು ಡಿಸೇಬಲ್ ಮಾಡುತ್ತದೆ. ಆಮೇಲೆ ಮಲಗಿದ ಸಾಧನಕ್ಕೆ ಗೆಟ್ ಕರೆದರೆ −13 ಎಂಬ ದೋಷ ಬರುತ್ತದೆ. ಇತರ ಸಾಧನಗಳು ನೋಐಆರ್‌ಕ್ಯೂ ಹಂತದಲ್ಲೂ (ಸಾಧನಗಳ ಇಂಟರಪ್ಟ್‌ಗಳು ನಿಂತ ಮೇಲಿನ ಹಂತದಲ್ಲೂ) ಬಳಸುವ ಐ2ಸಿ ಕಂಟ್ರೋಲರ್ ಡ್ರೈವರ್‌ಗಳು ಇಲ್ಲೇ ಎಡವುತ್ತವೆ. ಅವುಗಳ ಫೋರ್ಸ್ ಕರೆಗಳನ್ನೂ ನೋಐಆರ್‌ಕ್ಯೂ ಹಂತಕ್ಕೇ ಸರಿಸಬೇಕು.

ರಿಮೂವ್‌ನಲ್ಲಿ ಎರಡು ಬಲೆಗಳಿವೆ. ಡಿವ್‌ಎಂ_ಕ್ಲಾಕ್_ಗೆಟ್_ಎನೇಬಲ್ಡ್ ಬಳಸಿ ಪಡೆದ ಕ್ಲಾಕನ್ನು ರನ್‌ಟೈಮ್ ಸಸ್ಪೆಂಡ್ ಆಫ್ ಮಾಡಿದ್ದರೆ, ರಿಮೂವ್ ಆದ ಮೇಲೆ ಡಿವ್‌ಎಂ ಅದನ್ನು ಮತ್ತೊಮ್ಮೆ ಆಫ್ ಮಾಡುತ್ತದೆ. ಕ್ಲಾಕ್‌ನ ಹೆಸರಿನ ಮುಂದೆ ಆಲ್ರೆಡಿ ಡಿಸೇಬಲ್ಡ್ ಎಂಬ ವಾರ್ನಿಂಗ್ ಬರುವುದು ಆಗ. ರನ್‌ಟೈಮ್ ಪಿಎಂ ಇರುವ ಡ್ರೈವರ್‌ಗೆ ಆ ಫಂಕ್ಷನ್ ತಕ್ಕದ್ದಲ್ಲ. ಎರಡನೆಯದು ಡಿವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ. ಅದು ಇಂಟರಪ್ಟ್ ಬಿಡುವುದು ರಿಮೂವ್ ಮುಗಿದ ಮೇಲೆ, ಅಂದರೆ ಕ್ಲಾಕ್ ಆಫ್ ಆದ ಮೇಲೆ. ನಡುವೆ ಹ್ಯಾಂಡ್ಲರ್ ಓಡಬಹುದು. ಕರ್ನೆಲ್ ಸಂರಚನೆಯಲ್ಲಿ ಡೀಬಗ್_ಶರ್ಕ್ ಆನ್ ಮಾಡಿ ಡ್ರೈವರ್ ತೆಗೆದು ನೋಡಿ. ಹಂಚಿಕೊಂಡ ಇಂಟರಪ್ಟ್ ಬಿಡುವಾಗ ಅದು ಬೇಕೆಂದೇ ಒಮ್ಮೆ ಹ್ಯಾಂಡ್ಲರ್ ಕರೆಯುತ್ತದೆ, ದೋಷವಿದ್ದರೆ ಅಲ್ಲೇ ಹೊರಬೀಳುತ್ತದೆ.

ರಿಮೂವ್‌ನ ಸರಿಯಾದ ಕ್ರಮ: ಸಬ್‌ಸಿಸ್ಟಂನಿಂದ ನೋಂದಣಿ ತೆಗೆಯಿರಿ, ಇಂಟರಪ್ಟ್ ಬಿಡಿ, ಡಿಸೇಬಲ್ ಮತ್ತು ಡೋಂಟ್_ಯೂಸ್_ಆಟೋಸಸ್ಪೆಂಡ್ ಕರೆಯಿರಿ. ಸ್ಟೇಟಸ್_ಸಸ್ಪೆಂಡೆಡ್ ಕೇಳಿ, ಇಲ್ಲ ಎಂದರೆ ಮಾತ್ರ ನಿಮ್ಮ ರನ್‌ಟೈಮ್ ಸಸ್ಪೆಂಡ್ ಫಂಕ್ಷನ್ ಕರೆದು ಸೆಟ್_ಸಸ್ಪೆಂಡೆಡ್ ಮಾಡಿ. ಪವರ್ ಮ್ಯಾನೇಜ್‌ಮೆಂಟ್ ಇಲ್ಲದ ಕರ್ನೆಲ್‌ನಲ್ಲಿ ಆ ಪ್ರಶ್ನೆಗೆ ಸದಾ ಇಲ್ಲ ಎಂಬ ಉತ್ತರ ಬರುವುದರಿಂದ ಅಲ್ಲೂ ಕ್ಲಾಕ್ ಸರಿಯಾಗಿ ಆಫ್ ಆಗುತ್ತದೆ.

ದೋಷ ಹುಡುಕುವಾಗ ಮೊದಲು ನೋಡಬೇಕಾದ ಫೈಲು ಡೀಬಗ್‌ಎಫ್‌ಎಸ್‌ನ (ಕರ್ನೆಲ್‌ನ ಒಳಸ್ಥಿತಿ ತೋರಿಸುವ ಫೈಲ್ ವ್ಯವಸ್ಥೆಯ) ಕ್ಲಾಕ್ ಡೈರೆಕ್ಟರಿಯಲ್ಲಿರುವ ಕ್ಲಾಕ್_ಸಮ್ಮರಿ. ಪ್ರತಿ ಕ್ಲಾಕ್‌ನ ಎನೇಬಲ್ ಎಣಿಕೆ, ಪ್ರಿಪೇರ್ ಎಣಿಕೆ, ರೇಟ್ ಅಲ್ಲಿವೆ. ಸಾಧನ ಮಲಗಿರುವಾಗಲೂ ಎಣಿಕೆ 1 ಇದ್ದರೆ, ಬೇರೆ ಯಾರೂ ಆ ಕ್ಲಾಕ್ ಬಳಸುತ್ತಿಲ್ಲವಾದರೆ, ಸೋರಿಕೆ ನಿಮ್ಮಲ್ಲೇ. ಡೊಮೇನ್‌ಗಳಿಗೆ ಪಿಎಂ_ಜೆನ್‌ಪಿಡಿ_ಸಮ್ಮರಿ ಇದೆ. ಸಿಸ್‌ಎಫ್‌ಎಸ್‌ನಲ್ಲಿ ಸಾಧನದ ಪವರ್ ಡೈರೆಕ್ಟರಿಯೊಳಗಿನ ರನ್‌ಟೈಮ್_ಸ್ಟೇಟಸ್ ಈಗಿನ ಸ್ಥಿತಿ ಹೇಳುತ್ತದೆ. ಕಂಟ್ರೋಲ್ ಫೈಲಿಗೆ ಆನ್ ಎಂದು ಬರೆದರೆ ಸಾಧನ ಮಲಗುವುದೇ ಇಲ್ಲ. ಹಾಗೆ ಮಾಡಿದಾಗ ಹ್ಯಾಂಗ್ ನಿಂತುಹೋದರೆ ಎಲ್ಲೋ ಒಂದು ಗೆಟ್ ಬಿಟ್ಟುಹೋಗಿದೆ. ಯಾವುದೆಂದು ತಿಳಿಯಲು ಆರ್‌ಪಿಎಂ ಗುಂಪಿನ ಟ್ರೇಸ್‌ಪಾಯಿಂಟ್‌ಗಳನ್ನು ಆನ್ ಮಾಡಿ. ಪ್ರತಿ ಸಸ್ಪೆಂಡ್, ರೆಸ್ಯೂಮ್‌ನೊಂದಿಗೆ ಬಳಕೆಯ ಎಣಿಕೆಯೂ ದಾಖಲಾಗುತ್ತದೆ. ಇದಕ್ಕೆ ಪೂರಕವಾಗಿ ಆಟೋಸಸ್ಪೆಂಡ್ ಅವಧಿಯನ್ನು 0 ಮಾಡಿ ಪರೀಕ್ಷೆ ಓಡಿಸಿ: ಪ್ರತಿ ಪುಟ್‌ಗೂ ಸಾಧನ ಮಲಗುವುದರಿಂದ, ಅವಧಿಯ ಮರೆಯಲ್ಲಿ ಅಡಗಿದ್ದ ಬಿಟ್ಟುಹೋದ ಗೆಟ್‌ಗಳು ಬೇಗ ಸಿಕ್ಕಿಬೀಳುತ್ತವೆ.

ಬೂಟ್ ಆಗುವಾಗ ಚೆನ್ನಾಗಿದ್ದು, ಇನಿಟ್ ಮುಗಿಯುವ ಹೊತ್ತಿಗೆ ಸಾಧನ ಸತ್ತರೆ ಕಾರಣ ಬೇರೆ. ಬೂಟ್‌ಲೋಡರ್ ಆನ್ ಮಾಡಿಟ್ಟ ಕ್ಲಾಕಿನ ಮೇಲೆ ಡ್ರೈವರ್ ತಿಳಿಯದೆ ಬದುಕಿರುತ್ತದೆ. ಯಾರೂ ಕೇಳದ ಕ್ಲಾಕ್‌ಗಳನ್ನು ಕರ್ನೆಲ್ ಲೇಟ್ ಇನಿಟ್‌ಕಾಲ್ ಹಂತದಲ್ಲಿ ಆಫ್ ಮಾಡಿದಾಗ ಅದೂ ಹೋಗುತ್ತದೆ. ಬೂಟ್ ಆಯ್ಕೆಗಳಲ್ಲಿ ಕ್ಲಾಕ್_ಇಗ್ನೋರ್_ಅನ್‌ಯೂಸ್ಡ್ ಕೊಟ್ಟಾಗ ಸರಿಹೋದರೆ ರೋಗ ಇದೇ. ಅದನ್ನು ಹಾಗೇ ಬಿಟ್ಟು ಬೋರ್ಡ್ ಹೊರಗೆ ಕಳಿಸಬೇಡಿ, ಕ್ಲಾಕ್‌ಗೆ ಎಂದೂ ಆಫ್ ಮಾಡಬೇಡ ಎನ್ನುವ ಕ್ರಿಟಿಕಲ್ ಫ್ಲಾಗ್ ಹಚ್ಚುವ ಆತುರವೂ ಬೇಡ. ಆ ಫ್ಲಾಗ್ ಡಿಡಿಆರ್ ಮೆಮೊರಿ ಅಥವಾ ಮುಖ್ಯ ಬಸ್ಸಿನಂಥ, ಯಾವ ಡ್ರೈವರ್‌ಗೂ ಸೇರದ ಕ್ಲಾಕ್‌ಗಳಿಗೆ. ಆಯ್ಕೆ ಕೊಟ್ಟಾಗಲೂ ಕೊಡದಿದ್ದಾಗಲೂ ಯಾವ ಕ್ಲಾಕ್ ವ್ಯತ್ಯಾಸ ತರುತ್ತದೆ ಎಂದು ಚಿಪ್‌ನ ಗೇಟ್ ರಿಜಿಸ್ಟರ್‌ಗಳನ್ನು ಹೋಲಿಸಿ ಗುರುತಿಸಿ, ಅದನ್ನು ಡಿವೈಸ್ ಟ್ರೀಯಲ್ಲಿ ಸಾಧನದ ಕ್ಲಾಕ್ ಪಟ್ಟಿಗೆ ಸೇರಿಸಿ, ರೆಸ್ಯೂಮ್ ಫಂಕ್ಷನ್‌ನ ಬಲ್ಕ್ ಕರೆಯೊಳಗೆ ತನ್ನಿ.